ಅಮೃತಶಿಲೆಯ ಮೇಲೆ ದೊ.ಮು.

ಮರ್ಫಿ ಟೌನಿನ ಆ ಓಣಿಯಲ್ಲಿ ಬಕೆಟ್ಟೊಂದು ಗಾಳಿಗೆ ಉರುಳಿಕೊಂಡು ಬಂದರೆ ಅದು ಯಾರ ಮನೆಯದು ಎಂದು ಯಾರೂ ಕೂಗಿ ಕೇಳುವುದಿಲ್ಲ. ಎತ್ತಿ ತಳ ನೋಡುತ್ತಾರೆ. ಸಾಮಾನ್ಯವಾಗಿ ಅಲ್ಲಿ ಕಪ್ಪು ಮಾರ್ಕರ್ ಪೆನ್ನಿನಲ್ಲಿ, ಮೇಲೆ ಮೇಲೆ ತಿದ್ದಿ ದಪ್ಪ ಮಾಡಿದ ಅಕ್ಷರಗಳಲ್ಲಿ, ‘ದೊ.ಮು.’ ಎಂದು ಬರೆದಿರುತ್ತದೆ. ದೊ.ಮು. ಎಂದರೆ ದೊಡ್ಡಮುನಿಯಮ್ಮ. ಅವರ ಮನೆಯ ಕೊಳಗ, ಕೊಡ, ಜರಡಿ, ಪ್ಲಾಸ್ಟಿಕ್ ಕುರ್ಚಿ, ಕುಕ್ಕರಿನ ಮುಚ್ಚಳ, ಕೊಡೆಯ ಹಿಡಿ, ಗಂಡ ಅಂಜನಮೂರ್ತಿಯವರ ಹೆಲ್ಮೆಟ್ಟು, ಎಲ್ಲದರ ಮೇಲೂ ಆ ರಾಜಮುದ್ರೆ. ಗ್ಯಾಸ್ ಸಿಲಿಂಡರನ್ನೂ ಆಕೆ ಬಿಟ್ಟವರಲ್ಲ. ಖಾಲಿಯಾದ ಸಿಲಿಂಡರು ಹೋಗುತ್ತದೆ, ಬೇರೊಂದು ಬರುತ್ತದೆ, ಬಂದದ್ದಕ್ಕೆ ಮತ್ತೆ ಮುದ್ರೆ ಬೀಳುತ್ತದೆ. ಹೀಗಾಗಿ ಹಲಸೂರು, ಇಂದಿರಾನಗರ, ಅತ್ತ ಮಹದೇವಪುರದವರೆಗೆ ಎಷ್ಟು ಅಡುಗೆಮನೆಗಳಲ್ಲಿ ಇವತ್ತು ದೊಡ್ಡಮುನಿಯಮ್ಮನ ಹೆಸರಿನ ಮೇಲೆ ಅನ್ನ ಬೇಯುತ್ತಿದೆಯೋ ಬಲ್ಲವರಿಲ್ಲ. ಕತ್ತಿ ಹಿಡಿದು ರಾಜ್ಯ ವಿಸ್ತರಿಸಿದವರು ಬೇಕಾದಷ್ಟು ಜನ ಇದ್ದಾರೆ. ಮಾರ್ಕರ್ ಹಿಡಿದು ವಿಸ್ತರಿಸಿದವರು ಇವರೊಬ್ಬರೇ.

ಇದನ್ನು ಜಿಪುಣತನ ಎಂದುಕೊಂಡರೆ ತಪ್ಪು. ಆ ಓಣಿಯಲ್ಲಿ ಯಾವ ಮನೆಯ ಕಾರ್ಯವೂ ಆ ಮನೆಯ ಪಾತ್ರೆಗಳಿಂದಲೇ ಮುಗಿಯುವುದಿಲ್ಲ. ಯಾರ ಮನೆಯ ನಾಮಕರಣವಾದರೂ ಇಡೀ ಓಣಿಯ ಕೊಳಗಗಳು ಎದ್ದು ಹೊರಡುತ್ತವೆ. ಕೇಳುವುದೂ ಇಲ್ಲ, ಕೊಡುವುದಿಲ್ಲ ಎನ್ನುವುದೂ ಇಲ್ಲ; ಬಾಗಿಲು ತೆರೆದಿದ್ದರೆ ಒಳಗೆ ಬಂದು ಎತ್ತಿಕೊಂಡು ಹೋಗುತ್ತಾರೆ. ಕೊಡುವುದರಲ್ಲಿ ದೊಡ್ಡಮುನಿಯಮ್ಮನ ಕೈ ಇಡೀ ಓಣಿಗೇ ದೊಡ್ಡದು. ತೊಂದರೆ ಇರುವುದು ವಾಪಸು ಬರುವ ದಾರಿಯಲ್ಲಿ. ಊಟ ಮುಗಿದ ಮೇಲೆ ಪಾತ್ರೆಗಳು ಅಂದಾಜಿನ ಮೇಲೆ ಮನೆಮನೆಗೆ ಹಂಚಿಹೋಗುತ್ತವೆ. ಆಕೆಯ ತವರಿನಿಂದ ಬಂದಿದ್ದ ಇಡ್ಲಿ ಪಾತ್ರೆ ಹೀಗೆಯೇ ಯಾರದೋ ಗೃಹಪ್ರವೇಶಕ್ಕೆ ಹೋಗಿ, ಇನ್ಯಾರದೋ ಮನೆಯಲ್ಲಿ ನೆಲೆಸಿಬಿಟ್ಟಿತು. ಅಂದಿನಿಂದ ಆಕೆ ಮಾರ್ಕರ್ ಹಿಡಿದರು. ಕಾರ್ಯಕ್ಕೆ ಹೋಗಿ ಬಂದ ಪ್ರತಿ ಸಾಮಾನಿನ ಮೇಲೂ ಮುದ್ರೆ ಇದೆಯೇ ಎಂದು ನೋಡುವುದು, ಮಾಸಿದ್ದರೆ ತಿದ್ದುವುದು, ಇಲ್ಲದಿದ್ದರೆ ಬರೆಯುವುದು. ಬರೆಯದೆ ಒಳಗಿಡುವ ಮಾತೇ ಇಲ್ಲ.

ಆಕೆಯ ಎರಡನೆಯ ಗುಣ, ಯಾರ ಮಾತನ್ನೂ ನಂಬದಿರುವುದು. ಇದು ಹುಟ್ಟುಗುಣವಲ್ಲ, ಸಂಬಳ ಕೊಟ್ಟು ಬೆಳೆಸಿದ್ದು. ಹಳೇ ಮದ್ರಾಸ್ ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಆಕೆ ವರ್ಷಾನುಗಟ್ಟಲೆ ಚೆಕ್ಕರ್ ಆಗಿದ್ದರು. ಹೊಲಿದು ಬಂದ ಅಂಗಿಯನ್ನು ಹಿಂದೆ ಮುಂದೆ ತಿರುಗಿಸಿ, ದೋಷ ಸಿಕ್ಕ ಕಡೆ ಬಾಣದ ಗುರುತಿನ ಕೆಂಪು ಚೀಟಿ ಅಂಟಿಸುವ ಕೆಲಸ. ಹೊಲಿದವಳು “ಅಕ್ಕ, ಸರಿಯಾಗೇ ಐತೆ” ಎಂದು ಎಷ್ಟೇ ಆಣೆ ಹಾಕಲಿ, ಕಣ್ಣಾರೆ ಕಾಣುವವರೆಗೆ ಅಂಗಿ ಮುಂದಕ್ಕೆ ಹೋಗುತ್ತಿರಲಿಲ್ಲ. ಮಂಡಿನೋವು ಬಂದು ಕೆಲಸ ಬಿಟ್ಟ ಮೇಲೆ ಚೀಟಿ ಅಂಟಿಸಲು ಅಂಗಿಗಳು ಸಿಗದೆ ಆಕೆಯ ಕಣ್ಣು ಮೊಬೈಲಿನ ಮೇಲೆ ಬಿತ್ತು. ಅಲ್ಲಿ ದಿನಬೆಳಗಾದರೆ ಯಾರೋ ಒಬ್ಬರು ಆಲೂಗಡ್ಡೆ ಸಿಪ್ಪೆಯಿಂದ ಕನ್ನಡಿ ಹೊಳೆಯಿಸುತ್ತಿದ್ದರು, ಇನ್ನೊಬ್ಬರು ಕಾಲುಚೀಲದಲ್ಲಿ ಈರುಳ್ಳಿ ಇಟ್ಟು ನೆಗಡಿ ಓಡಿಸುತ್ತಿದ್ದರು. ದೊಡ್ಡಮುನಿಯಮ್ಮ ಒಂದನ್ನೂ ಬಿಡದೆ ಪರೀಕ್ಷೆಗೆ ಎಳೆದರು. ಈರುಳ್ಳಿ ಪರೀಕ್ಷೆ ನಡೆದದ್ದು ಅಂಜನಮೂರ್ತಿಯವರ ಕಾಲಿನ ಮೇಲೆ. ನೆಗಡಿ ಓಡಲಿಲ್ಲ. ನಿದ್ದೆ ಓಡಿತು.

ಬಿಎಂಟಿಸಿ ಬಸ್ಸು ಓಡಿಸಿ ನಿವೃತ್ತರಾದ ಅಂಜನಮೂರ್ತಿ ಶಾಂತಸ್ವಭಾವದವರು. ಟಿನ್ ಫ್ಯಾಕ್ಟರಿ ಸಿಗ್ನಲ್ಲಿನ ಟ್ರಾಫಿಕ್ಕಿನಲ್ಲಿ ಅರ್ಧ ಆಯುಷ್ಯ ಕಳೆದವರಿಗೆ ಸಂಸಾರ ದೊಡ್ಡ ವಿಷಯವಾಗಿ ಕಾಣುವುದಿಲ್ಲ.

ಈಗ ಬುದ್ಧನ ವಿಷಯ. ಓಣಿಯ ಕೊನೆಯ ಮನೆಯ ಸುಗತಣ್ಣನ ಬಳಿ ಅಮೃತಶಿಲೆಯ ಒಂದು ಬುದ್ಧಮೂರ್ತಿ ಇದೆ. ಅವರ ತಾಯಿ ಯಾವ ಕಾಲದಲ್ಲೋ ನಾಗಪುರದಿಂದ ಕಂಬಳಿಯಲ್ಲಿ ಸುತ್ತಿ ತಂದದ್ದು. ಮೊಳದೆತ್ತರ, ದುಂಡನೆಯ ನುಣುಪು ಪೀಠ, ಎತ್ತಿದರೆ ತೋಳು ನೋಯುವಷ್ಟು ಭಾರ. ಮರ್ಫಿ ಟೌನಿನಿಂದ ಕೆ.ಆರ್. ಪುರದವರೆಗೆ ಬೌದ್ಧರ ಮನೆಗಳ ಮದುವೆಯೆಂದರೆ ವೇದಿಕೆಯ ಮೇಲೆ ಬಾಬಾಸಾಹೇಬರ ಪಟದ ಪಕ್ಕದಲ್ಲಿ ಈ ಮೂರ್ತಿಯೇ ಇರಬೇಕು. ಬಿಳಿ ಸೀರೆಯ ಹುಡುಗಿ, ಬಿಳಿ ಅಂಗಿಯ ಹುಡುಗ ಅದರ ಮುಂದೆ ಮೇಣದ ಬತ್ತಿ ಹಚ್ಚಬೇಕು. ಬೇರೆ ಮೂರ್ತಿಗಳು ಇಲ್ಲವೆಂದಲ್ಲ. ಆದರೆ ಅಜ್ಜಿ, ಅಮ್ಮ ಇಬ್ಬರೂ ಇದರ ಮುಂದೆಯೇ ಮದುವೆಯಾಗಿರುವಾಗ ಮಗಳು ಮಾತ್ರ ಬೇರೆ ಬುದ್ಧನ ಮುಂದೆ ನಿಂತರೆ ಏನೋ ಕೊರತೆ ಎನಿಸುತ್ತದೆ. ಸುಗತಣ್ಣ ಒಂದು ಬಿಡಿಗಾಸೂ ಕೇಳದೆ ಕೊಡುತ್ತಾರೆ. ಕೊಡುವಾಗ ಮಾತ್ರ ಪ್ರತಿಯೊಬ್ಬರಿಗೂ ಅದೇ ಮಾತು: “ನೋಡಪ್ಪ, ನಮ್ಮಮ್ಮ ಸಾಯೋವಾಗ ನನ್ ಕೈಯಲ್ಲಿ ಮಾತು ತಗೊಂಡವ್ಳೆ. ಒಂದು ಕಲೆ, ಒಂದು ಗೀರು ಬಿತ್ತು ಅಂದ್ರೆ ಅವತ್ತಿಗೆ ಮುಗೀತು. ಆಮೇಲೆ ಯಾರ್ ಮದ್ವೆಗೂ ಇಲ್ಲ.” ಒರೆಸುವುದೂ ಅವರೇ, ಬಟ್ಟೆಯಲ್ಲಿ ಸುತ್ತುವುದೂ ಅವರೇ.

ದೊಡ್ಡಮುನಿಯಮ್ಮನ ಮಗಳು ನಂದಿತಾಳ ಮದುವೆಗೂ ಆ ಮೂರ್ತಿ ಬಂತು. ಮದುವೆ ಸೊಗಸಾಗಿ ಆಯಿತು. ಮಾರನೆಯ ಬೆಳಿಗ್ಗೆ ಸಮುದಾಯ ಭವನದಿಂದ ಗೂಡ್ಸ್ ಆಟೋದಲ್ಲಿ ಸಾಮಾನುಗಳೆಲ್ಲ ಮನೆಗೆ ಬಂದವು. ಮೂರ್ತಿಗೆ ಪೆಟ್ಟಾಗದಿರಲಿ ಎಂದು ಅಂಜನಮೂರ್ತಿ ಅದನ್ನು ಬೆಡ್‌ಶೀಟುಗಳಲ್ಲಿ ಸುತ್ತಿ, ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಮಲಗಿಸಿ, ಸುತ್ತಲೂ ದಿಂಬು ತುಂಬಿ ತಂದಿದ್ದರು. ಬಸ್ಸಿನಲ್ಲಿ ತುಂಬು ಗರ್ಭಿಣಿಯರನ್ನು ಕೂರಿಸಿಕೊಂಡು ಹೋದವರ ಎಚ್ಚರ ಅದು. ಹೊರಗೆ ಕಾಣುತ್ತಿದ್ದುದು ಪೀಠದ ಅಂಚು ಮಾತ್ರ.

ಸಂಜೆಯೊಳಗೆ ಮೂರ್ತಿ ಸುಗತಣ್ಣನ ಮನೆ ಸೇರಬೇಕಿತ್ತು. ಕೆ.ಆರ್. ಪುರದ ಮುತ್ತುರಾಜ್ ಎಂಬವರ ಮಗಳ ಮದುವೆ ನಾಡಿದ್ದು. ಅವರು ಕಾರು ತೆಗೆದುಕೊಂಡು ಬರುವವರಿದ್ದರು.

ದೊಡ್ಡಮುನಿಯಮ್ಮ ಮಾರ್ಕರ್ ಹಿಡಿದು ದಂಡಯಾತ್ರೆಗೆ ಇಳಿದರು. ಕನ್ನಡಕ ಮದುವೆ ಗಲಾಟೆಯಲ್ಲಿ ಎಲ್ಲೋ ಸೇರಿಕೊಂಡಿತ್ತು, ಅದಕ್ಕೆ ಕಾಯುವಷ್ಟು ಪುರುಸೊತ್ತಿಲ್ಲ. ಕೊಳಗ ಆಯಿತು, ಸೌಟು ಆಯಿತು, ಟಬ್ಬಿನ ಬಳಿ ಬಂದರು. ಬಿಳಿ ಬೆಡ್‌ಶೀಟುಗಳ ನಡುವೆ ದುಂಡಗೆ, ತಣ್ಣಗೆ, ನುಣ್ಣಗೆ ಒಂದು ಅಂಚು ಕೈಗೆ ತಾಗಿತು. ಮಾರ್ಬಲ್ಲು.

“ಅಯ್ಯೋ ಇವ್ರ್ ಮನೆ ಹಾಳಾಗ! ನಮ್ ನಾದಿನಿ ಕೊಟ್ಟ ಹೊಸಾ ಚಪಾತಿ ಮಣೆನೂ ಹೊತ್ಕೊಂಡ್ ಹೋಗವ್ರಲ್ಲ! ಮದ್ವೇಲಿ ಚಪಾತಿ ಯಾರ್ ಮಾಡಿದ್ರು?”

ಚಪಾತಿ ಮಣೆಗೆ ಮೇಲೆ ಬರೆದರೆ ಹಿಟ್ಟಿಗೆ ಅಂಟುತ್ತದೆ. ಆದ್ದರಿಂದ ಆಕೆ ಯೋಚಿಸಿ, ನೀಟಾಗಿ, ಅಂಚಿನ ಮೇಲೆ ಬರೆದರು. ದೊ.ಮು. ಹೊಸ ಸಾಮಾನು ಎಂದು ಇನ್ನೊಂದು ಸಲ ತಿದ್ದಿದರು.

ಸ್ವಲ್ಪ ಹೊತ್ತಿಗೆ ನಡುಮನೆಯಿಂದ ಅಂಜನಮೂರ್ತಿಯವರ ಧ್ವನಿ ಬಂತು. “ಇವ್ಳೇ, ಇಲ್ಲಿ ಬಾ.”

“ಏನ್ರೀ?”

“ಬುದ್ಧ ಯಾವಾಗಿಂದ ನಿಂದಾದ?”

“ಏನ್ ಮಾತು ಅಂತ ಆಡ್ತೀರಾ ಬೆಳಬೆಳಿಗ್ಗೆ!”

“ಮಾತು ನಂದಲ್ಲ ಕಣೆ. ನೀನೇ ಬರ್ದಿದ್ದೀಯ, ನೋಡು.”

ಅವರು ಟಬ್ಬಿನಿಂದ ಎತ್ತಿಟ್ಟ ಮೂರ್ತಿ ಕಿಟಕಿಯ ಬಳಿ ಮೇಜಿನ ಮೇಲೆ ಕೂತಿತ್ತು. ಶಾಂತವಾದ ಮುಖ, ಅರ್ಧ ಮುಚ್ಚಿದ ಕಣ್ಣು, ಮಡಿಲಲ್ಲಿ ಕೈ. ಕೆಳಗೆ ಪೀಠದ ಮುಂಭಾಗದಲ್ಲಿ, ಬೇಕೆಂದು ಪ್ರಯತ್ನಪಟ್ಟರೂ ಆಗದಷ್ಟು ಸರಿಯಾಗಿ ನಡುವೆ, ಅವೇ ಅಕ್ಷರಗಳು.

ದೊಡ್ಡಮುನಿಯಮ್ಮ ಮಾರ್ಕರಿನ ಮುಚ್ಚಳ ಹಾಕಿ ನೆಲದ ಮೇಲೆ ಕೂತರು. ತಮಗೆ ಸುಗತಣ್ಣ ಬೈಯುತ್ತಾರೆ ಎಂಬುದು ಆಕೆಯ ಚಿಂತೆಯಾಗಿರಲಿಲ್ಲ. ಬೈಗುಳಕ್ಕೆ ಆಕೆ ಹೆದರಿದ ದಾಖಲೆ ಎಲ್ಲೂ ಇಲ್ಲ. ಕಣ್ಣ ಮುಂದೆ ಬಂದದ್ದು ನಾಡಿದ್ದು ಬಿಳಿ ಸೀರೆ ಉಟ್ಟು ನಿಲ್ಲುವ, ತಾವು ಮುಖವನ್ನೂ ನೋಡಿರದ ಆ ಕೆ.ಆರ್. ಪುರದ ಹುಡುಗಿ. ಆಮೇಲೆ ಅವಳ ಹಿಂದೆ ಸಾಲಾಗಿ ಬರಬೇಕಾದ ಹುಡುಗಿಯರು. “ನಮ್ಮಮ್ಮನ ಕಾಲದಲ್ಲಿ ಒಂದು ಮೂರ್ತಿ ಇತ್ತಂತೆ. ಯಾರೋ ದೊಡ್ಡಮುನಿಯಮ್ಮ ಅನ್ನೋಳು ಹೆಸ್ರು ಬರೆದು ನಿಲ್ಲಿಸ್ಬಿಟ್ಲಂತೆ” ಎಂದು ಅವರೆಲ್ಲ ಹೇಳಿಕೊಳ್ಳುವುದು ಕಿವಿಗೆ ಕೇಳಿಸಿತು. ಅಳಿಸಿಹೋಗದ ಹೆಸರು ಎಂದರೆ ಇದೇ.

“ನಿಂಬೆಹಣ್ಣು ಉಜ್ಜು. ಯಾವ ಕಲೆ ಆದ್ರೂ ಹೋಗ್ತದೆ,” ಎಂದರು ಅಂಜನಮೂರ್ತಿ. ಹೇಳಿದ್ದಷ್ಟೇ ಅಲ್ಲ, ಫ್ರಿಜ್ಜಿನಿಂದ ತಂದು ಹೋಳು ಮಾಡಿ ಕೈಗೂ ಕೊಟ್ಟರು.

ಹೋಳು ಹಿಡಿದ ಕೈ ಮೂರ್ತಿಯ ಹತ್ತಿರ ಹೋಯಿತು. ಇನ್ನೇನು ತಾಗಬೇಕು, ನಿಂತಿತು. ಗಾಬರಿಯಾದವರು ಸಿಕ್ಕಿದ್ದನ್ನು ಉಜ್ಜುತ್ತಾರೆ. ಚೆಕ್ಕರ್ ಆದವರು ಮೊದಲು ತುಂಡು ಬಟ್ಟೆಯ ಮೇಲೆ ಉಜ್ಜಿ ನೋಡುತ್ತಾರೆ.

“ರೀ, ಆ ಚಪಾತಿ ಮಣೆ ಎಲ್ಲೈತೆ?”

ಮಣೆ ತನ್ನ ಪಾಡಿಗೆ ಅಟ್ಟದ ಮೇಲಿತ್ತು. ಅದೂ ಬಿಳಿ ಮಾರ್ಬಲ್ಲೇ. ದೊಡ್ಡಮುನಿಯಮ್ಮ ಕನ್ನಡಕ ಹುಡುಕಿ ಏರಿಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಣೆಯ ತುಂಬ ತಮ್ಮ ಹೆಸರನ್ನು ಸಾಲುಸಾಲಾಗಿ ಬರೆದರು. ಪೀಠದ ಮೇಲಿನ ಶಾಯಿ ಎಷ್ಟು ಒಣಗಿದೆಯೋ ಇದೂ ಅಷ್ಟು ಒಣಗಲೆಂದು ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ರಣಕಹಳೆ ಊದಿದಂತೆ ಮೂಗು ಸೀಟಿ, ಒಂದೊಂದು ಹೆಸರಿನ ಮೇಲೆ ಒಂದೊಂದು ವಸ್ತುವನ್ನು ಬಿಟ್ಟರು.

ನಿಂಬೆರಸ ಬಿದ್ದ ಕೂಡಲೇ ಕಲ್ಲು ಸಣ್ಣಗೆ ನೊರೆ ಬಿಟ್ಟಿತು. “ನೋಡ್ದ್ಯಾ, ಕೆಲ್ಸ ಮಾಡ್ತೈತೆ!” ಎಂದರು ಅಂಜನಮೂರ್ತಿ. ಒರೆಸಿ ನೋಡಿದರೆ ಹೆಸರು ಹಾಗೇ ಇದೆ, ಸುತ್ತಲಿನ ಹೊಳಪು ಸತ್ತಿದೆ. ದುಂಡಗೆ, ಮಂಕಾಗಿ, ಬೆರಳಿಟ್ಟರೆ ತರಿತರಿಯಾದ ಒಂದು ಮಚ್ಚೆ. ನಿಂಬೆಹಣ್ಣು ಶಾಯಿಯನ್ನು ಬಿಟ್ಟು ಕಲ್ಲನ್ನೇ ತಿಂದಿತ್ತು. ದೊಡ್ಡಮುನಿಯಮ್ಮ ಗಂಡನತ್ತ ನೋಡಿದರು. ಆ ನೋಟದಲ್ಲಿ ಈರುಳ್ಳಿಗಿಂತ ದೊಡ್ಡದೇನೋ ಕಾದಿತ್ತು. ಅಂಜನಮೂರ್ತಿ ಕಾಫಿ ಮಾಡುತ್ತೇನೆಂದು ಎದ್ದು ಹೋದರು.

ಟೂತ್‌ಪೇಸ್ಟು ಶಾಯಿಯನ್ನು ಮಾಸಿಸಿತು, ಜೊತೆಗೆ ಕಲ್ಲಿನ ಮೇಲೆ ಕೂದಲೆಳೆಯಂಥ ಗೀರುಗಳನ್ನೂ ಎಳೆಯಿತು. ಸೋಪಿನ ಪುಡಿ, ಬಿಸಿನೀರು ಬಂದು ಹೆಸರಿಗೆ ಸ್ನಾನ ಮಾಡಿಸಿ ಹೋದವು. ಕೊಬ್ಬರಿ ಎಣ್ಣೆ ಕಲ್ಲೊಳಗೆ ಇಳಿದು ಹೊಸದೊಂದು ಕಲೆಯನ್ನು ದಾನ ಮಾಡಿತು. ಸ್ಟೀಲಿನ ಮೇಲೆ ಎಂದೂ ಸೋಲದ ಒಂದು ಉಪಾಯವಿತ್ತು: ಹಳೆಯ ಬರಹದ ಮೇಲೆ ವೈಟ್‌ಬೋರ್ಡ್ ಪೆನ್ನಿನಲ್ಲಿ ಗೀಚಿ, ಹಸಿ ಇರುವಾಗಲೇ ಒರೆಸಿದರೆ ಎರಡೂ ಒಟ್ಟಿಗೆ ಬರುತ್ತವೆ. ನಂದಿತಾ ಮಕ್ಕಳಿಗೆ ಟ್ಯೂಶನ್ ಹೇಳುವಾಗ ಬಳಸುತ್ತಿದ್ದ ಡಬ್ಬಿಯಿಂದ ಪೆನ್ನು ತೆಗೆದು ಅದನ್ನೂ ನೋಡಿದರು. ಬಂತು, ಆದರೆ ಬೂದು ನೆರಳೊಂದನ್ನು ಹಿಂದೆ ಬಿಟ್ಟು ಬಂತು. ಕೊರೊನಾ ಕಾಲದಿಂದ ಕಪಾಟಿನಲ್ಲಿ ಅಡಗಿದ್ದ ಸ್ಯಾನಿಟೈಸರ್ ಮಾತ್ರ ನಿಜವಾದ ವೀರನಂತೆ ಶಾಯಿಯ ಮೇಲೆ ಬಿದ್ದಿತು. ಶಾಯಿ ಕರಗಿತು. ಕರಗಿದ ಶಾಯಿ ಎಲ್ಲಿಗೆ ಹೋಗಬೇಕು ಎಂದು ಯಾರೂ ಹೇಳಿರಲಿಲ್ಲವಾಗಿ ಅದು ನೇರಳೆ ಬಣ್ಣಕ್ಕೆ ತಿರುಗಿ ಮಣೆಯ ತುಂಬ ಹರಡಿಕೊಂಡಿತು.

“ಆಂಟಿ, ಏನ್ ಆಂಟಿ ಇದು, ಚಪಾತಿ ಮೇಲೆ ಮೆಹೆಂದಿ ಹಾಕ್ತಿದ್ದೀರಾ?”

ಬಾಗಿಲಲ್ಲಿ ತೂಬಾ ನಿಂತಿದ್ದಳು. ಪಕ್ಕದ ಮನೆಯ ಮುಂದಿನ ಕೋಣೆಯಲ್ಲಿ ಅವಳದೊಂದು ಬ್ಯೂಟಿ ಪಾರ್ಲರ್ ಇದೆ. ನಂದಿತಾಳನ್ನು ಅಲಂಕರಿಸಿದವಳೂ ಅವಳೇ. ಮದುವೆಗೆ ತಂದಿದ್ದ ಹೇರ್‌ಪಿನ್ನು ವಾಪಸು ಕೇಳಲು ಬಂದವಳು ಮೂರ್ತಿಯನ್ನು ನೋಡಿದಳು, ಪೀಠವನ್ನು ನೋಡಿದಳು, ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

“ಯಾ ಅಲ್ಲಾ! ಇದಕ್ಕೂ ಹಾಕಿಬಿಟ್ರಾ!”

“ನಗು, ನಗು. ಆಮೇಲೆ ಒಂದು ದಾರಿ ಹೇಳು.”

“ನೇಲ್ ಪಾಲಿಶ್ ತೆಗಿಯೋದು ಕೊಡ್ಲಾ?” ತೂಬಾ ಓಡಿಹೋಗಿ ಗುಲಾಬಿ ಬಣ್ಣದ, ಸ್ಟ್ರಾಬೆರಿ ವಾಸನೆಯ ಒಂದು ಬಾಟಲಿ ತಂದಳು. ಮಣೆಯ ಮೇಲೆ ಹಾಕಿದರು. ಶಾಯಿ ಹೋಯಿತು. ಜಾಗ ಗುಲಾಬಿಯಾಯಿತು.

“ಬುದ್ಧನಿಗೆ ನಾಚ್ಕೆ ಬಂದಂಗೆ ಕಾಣ್ಬೇಕಾ? ಬಣ್ಣ ಇಲ್ದೆ ಇರೋದು ಇಲ್ವಾ ಮಗಾ?”

ಇತ್ತು. ಶಿವಾಜಿನಗರದಿಂದ ಪಾರ್ಲರಿಗೆ ಡಬ್ಬಿಗಟ್ಟಲೆ ತರುವ, ಬಣ್ಣವೂ ಇಲ್ಲದ, ವಾಸನೆ ಮೂಗಿಗೆ ಹೊಡೆಯುವಂಥದ್ದು. ಅಂಥದ್ದನ್ನು ಸುರಿದು ಉಜ್ಜಿದರೆ ಸ್ಯಾನಿಟೈಸರಿನ ಕತೆಯೇ ಆಗುತ್ತದೆ ಎಂದು ದೊಡ್ಡಮುನಿಯಮ್ಮ ಆಗಲೇ ಕಂಡುಕೊಂಡಿದ್ದರು. ಆದ್ದರಿಂದ ಹತ್ತಿಯ ಉಂಡೆಗೆ ತುಸುವೇ ತೋಯಿಸಿ, ಉಜ್ಜದೆ, ಹೊರಗಿನಿಂದ ಒಳಕ್ಕೆ ಒತ್ತಿ ಎತ್ತಿ, ಒತ್ತಿ ಎತ್ತಿ, ಪ್ರತಿ ಸಲ ಹೊಸ ಹತ್ತಿ ತೆಗೆದುಕೊಂಡರು. ಹರಡಲಿಲ್ಲ. ಉಳಿದದ್ದು ಕಲ್ಲಿನ ರಂಧ್ರಕ್ಕೆ ಇಳಿದಿದ್ದ ಒಂದು ಮಸುಕು ನೆರಳು ಮಾತ್ರ.

ಇಲ್ಲಿ ಆಕೆಗೆ ಫ್ಯಾಕ್ಟರಿ ನೆನಪಾಯಿತು. ಬಿಳಿ ಅಂಗಿಗೆ ಮಷಿನ್ ಎಣ್ಣೆ ಬಿದ್ದರೆ ಹುಡುಗಿಯರು ಸೀಮೆಸುಣ್ಣದ ಪುಡಿ ಒತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಸುತ್ತಿದ್ದರು. ಬಟ್ಟೆಯಿಂದ ಎಳೆಯಬಹುದಾದರೆ ಕಲ್ಲಿನಿಂದ ಯಾಕಾಗದು? ಮೈದಾ ಹಿಟ್ಟಿಗೆ ಆ ದ್ರಾವಣ ಬೆರೆಸಿ ಹೋಳಿಗೆಯ ಕಣಕದಂತೆ ಕಲಸಿ, ನೆರಳಿನ ಮೇಲೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿದರು.

ಅಷ್ಟರಲ್ಲಿ ಅಡುಗೆಮನೆಯಿಂದ ಲೈಟರಿನ ಟಿಕ್ ಟಿಕ್ ಕೇಳಿತು.

“ರೀ! ಸ್ಟವ್ ಹಚ್ಚಿದ್ರೆ ನೋಡಿ! ಇದು ಪೆಟ್ರೋಲಿನ ತರ ಹತ್ಕೊಳ್ತೈತೆ! ನಿಮ್ ಕಾಫಿ ಆಸೆಗೆ ಮನೆ ಸಮೇತ ಹೋಗೋದಾ?”

“ನಿಂಬೆಹಣ್ಣೇ ವಾಸಿಯಾಗಿತ್ತು,” ಎಂದು ಗೊಣಗುತ್ತ ಅಂಜನಮೂರ್ತಿ ಕಿಟಕಿಗಳನ್ನೆಲ್ಲ ತೆರೆದು, ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತರು.

ಕಣಕ ಒಣಗಿ ಬಿರಿದಾಗ ದೊಡ್ಡಮುನಿಯಮ್ಮ ಅದನ್ನು ಮೆಲ್ಲಗೆ ಎಬ್ಬಿಸಿದರು. ಮಣೆಯ ಆ ಜಾಗ ಬೆಳ್ಳಗಿತ್ತು. ಹಿಟ್ಟಿನ ಒಳಮೈಗೆ ನೇರಳೆ ಬಣ್ಣ ಹತ್ತಿತ್ತು. ತೂಬಾ ಚಪ್ಪಾಳೆ ತಟ್ಟಿದಳು. ದೊಡ್ಡಮುನಿಯಮ್ಮ ತಟ್ಟಲಿಲ್ಲ. ಚಪಾತಿ ಮಣೆಯ ಕಲ್ಲೂ ನಾಗಪುರದ ಕಲ್ಲೂ ಒಂದೇ ಜಾತಿಯವು ಎಂದು ಯಾರು ಆಣೆ ಹಾಕಿದ್ದಾರೆ? ಮೂರ್ತಿಯ ಮೇಲೇ, ಯಾರಿಗೂ ಕಾಣದ ಕಡೆ, ಒಂದು ಹನಿ ಹಾಕಿ ನೋಡಬೇಕು. ಇಬ್ಬರೂ ಸೇರಿ ಮೂರ್ತಿಯನ್ನು ನಿಧಾನಕ್ಕೆ ಹಿಂದುಮುಂದಾಗಿ ತಿರುಗಿಸಿದರು.

ದೊಡ್ಡಮುನಿಯಮ್ಮ ಬಗ್ಗಿದವರು ಬಗ್ಗಿಯೇ ಇದ್ದರು.

ಬೆನ್ನಿನ ಕೆಳಗೆ, ಪೀಠಕ್ಕೆ ಕೂಡುವ ಜಾಗದಲ್ಲಿ, ದುಂಡನೆಯ ಒಂದು ಮಚ್ಚೆಯಿತ್ತು. ಶಾಯಿಯದಲ್ಲ. ಮಂಕಾಗಿ, ಹೊಳಪು ಸತ್ತು, ಬೆರಳಿಟ್ಟರೆ ತರಿತರಿಯಾಗಿ. ಆಕೆ ಚಪಾತಿ ಮಣೆಯನ್ನು ತಂದು ಪಕ್ಕದಲ್ಲಿ ಹಿಡಿದರು. ನಿಂಬೆಹಣ್ಣು ಮಾಡಿದ ಮಚ್ಚೆಯನ್ನೂ ಇದನ್ನೂ ನೋಡಿದರು. ಒಂದೇ ತಾಯಿಯ ಮಕ್ಕಳು. ಯಾವಾಗಲೋ, ಯಾರೋ, ಈ ಬುದ್ಧನ ಬೆನ್ನಿಗೆ ನಿಂಬೆಹಣ್ಣು ಉಜ್ಜಿದ್ದಾರೆ. ಈ ಮೂರ್ತಿಯನ್ನು ಒರೆಸುವ ಅಧಿಕಾರ ಇರುವುದು ಒಬ್ಬರಿಗೆ ಮಾತ್ರ.

“ಏನ್ ಆಂಟಿ?”

“ಏನಿಲ್ಲ. ಹತ್ತಿ ಕೊಡು.”

ಹನಿ ಪರೀಕ್ಷೆಯಲ್ಲಿ ನಾಗಪುರದ ಕಲ್ಲು ಗೆದ್ದಿತು. ಇನ್ನು ಮುಂಭಾಗ. ಮಂಡಿನೋವಿನ ಹೆಂಗಸು ಮೇಜಿನ ಮುಂದೆ ಮಂಡಿಯೂರಿ ಕೂತು, ಉಸಿರು ಬಿಗಿಹಿಡಿದು, ತಮ್ಮ ಹೆಸರನ್ನು ತಾವೇ ಅಂಚಿನಿಂದ ಒಳಕ್ಕೆ ತಿನ್ನುತ್ತ ಬಂದರು. ಮೊದಲು ಚುಕ್ಕೆಗಳು ಹೋದವು. ಮು ಅಕ್ಷರದ ಕೊಂಬು ಹೋಯಿತು. ದೊ ಬಹಳ ಹೊತ್ತು ಹಟ ಹಿಡಿಯಿತು. ತಿದ್ದಿ ದಪ್ಪ ಮಾಡಿದ್ದರ ಫಲ. ಆಮೇಲೆ ಕಣಕದ ಪಟ್ಟಿ ಕಟ್ಟಿ, ಅದು ಒಣಗುವವರೆಗೆ ಎದುರಿಗೇ ಕೂತು ಕಾದರು. ಓಣಿಯಲ್ಲಿ ತರಕಾರಿ ಗಾಡಿ ಬಂದು ಹೋಯಿತು. ಆಕೆ ಚೌಕಾಸಿಗೆ ಏಳದ ಮೊದಲ ದಿನ ಅದು.

ಬಿಸಿಲು ಇಳಿಯುವ ಹೊತ್ತಿಗೆ ಪಟ್ಟಿ ಬಿಚ್ಚಿದರು. ಹೆಸರಿಲ್ಲ. ನೆರಳಿಲ್ಲ. ತೂಬಾ ಇನ್ನೇನು ಕುಣಿಯಬೇಕು, ದೊಡ್ಡಮುನಿಯಮ್ಮ ಪೀಠವನ್ನು ದೂರದಿಂದ ನೋಡಿ ತಲೆಯಾಡಿಸಿದರು. ಶಾಯಿಯ ಜೊತೆಗೆ ಎಷ್ಟೋ ಮದುವೆಗಳ ಊದುಬತ್ತಿ ಹೊಗೆಯೂ ಆ ಜಾಗದಿಂದ ಎದ್ದುಹೋಗಿತ್ತು. ಮೂರ್ತಿಯೆಲ್ಲ ಕೆನೆಬಣ್ಣ, ಅಲ್ಲೊಂದು ಅಂಗೈಯಗಲ ಮಾತ್ರ ಹಾಲುಬಿಳುಪು.

“ಪೂರ್ತಿ ಒರೆಸಿಬಿಡಿ ಆಂಟಿ. ಎಲ್ಲಾ ಒಂದೇ ಬಿಳಿ ಆಯ್ತದೆ. ಯಾರಿಗೆ ಗೊತ್ತಾಗುತ್ತೆ?”

“ಇದು ಫೇಶಿಯಲ್ಲಾ? ಸುಗತಣ್ಣ ಹುಟ್ಟಿದಾಗಿಂದ ನೋಡಿರೋ ಮುಖ ಇದು. ಮುಚ್ಚೋಕ್ ಹೋಗಿ ಇನ್ನೇನೋ ಆಗೋದು ಬೇಡ. ಆಗಿದ್ದು ಆಗೈತೆ, ಹೋಗಿ ಹೇಳ್ತೀನಿ.”

ಸಂಜೆ ಸುಗತಣ್ಣನ ಮನೆಯ ಹಾಲಿನಲ್ಲಿ ಮುತ್ತುರಾಜ್ ಕಾರಿನ ಕೀಲಿಕೈ ತಿರುಗಿಸುತ್ತ ಕೂತಿದ್ದರು. ದೊಡ್ಡಮುನಿಯಮ್ಮ ಮುಂದೆ, ಮೂರ್ತಿ ಹೊತ್ತ ಅಂಜನಮೂರ್ತಿ ಹಿಂದೆ ಬಂದರು.

“ಬಾಮ್ಮ. ಮದ್ವೆ ಚೆನ್ನಾಗಾಯ್ತಲ್ಲ? ಕೊಡಿ ಇಲ್ಲಿ. ಮುತ್ತುರಾಜ್ ಆಗ್ಲಿಂದ ಕಾಯ್ತಾ ಅವ್ನೆ,” ಎಂದರು ಸುಗತಣ್ಣ.

“ಕೊಡೋಕ್ ಮುಂಚೆ ಒಂದ್ ಮಾತು ಅಣ್ಣ,” ಎಂದು ದೊಡ್ಡಮುನಿಯಮ್ಮ ನಿಂತಲ್ಲೇ ಶುರುಮಾಡಿದರು. ಟಬ್ಬು, ಚಪಾತಿ ಮಣೆ, ಮಾರ್ಕರ್, ತೂಬಾಳ ಡಬ್ಬಿ, ಹಿಟ್ಟಿನ ಪಟ್ಟಿ, ಒಂದನ್ನೂ ಬಿಡಲಿಲ್ಲ. ಕತೆ ಮುಗಿಯುವ ಹೊತ್ತಿಗೆ ಮುತ್ತುರಾಜ್ ಎದ್ದು ನಿಂತಿದ್ದರು.

“ಏನಕ್ಕ ನೀವು! ನಾಡಿದ್ದು ಮದ್ವೆ! ನಮ್ಮಮ್ಮ ಬೇರೆ, ಆ ಬುದ್ಧ ಬರ್ಲಿಲ್ಲ ಅಂದ್ರೆ ನಾನು ಹಾಲ್‌ಗೇ ಬರಲ್ಲ ಅಂತ ಕೂತವ್ಳೆ!”

ಸುಗತಣ್ಣ ಮೂರ್ತಿಯನ್ನು ಮೇಜಿನ ಮೇಲೆ ಇರಿಸಿಕೊಂಡು, ಮೊಬೈಲಿನ ಬೆಳಕು ಹಾಕಿ ಪೀಠವನ್ನು ನೋಡಿದರು. ಬೆರಳಾಡಿಸಿದರು.

“ಇಲ್ಲಿ ಬೆಳ್ಳಗಾಗೈತೆ.”

“ಹೌದಣ್ಣ. ಹೊಗೆ ಕೊಳೆನೂ ಬಂದ್ಬಿಡ್ತು.”

“ನಾನ್ ಏನ್ ಹೇಳಿದ್ದೆ?”

“ಕಲೆ ಬಿದ್ರೆ ಇನ್ಯಾರಿಗೂ ಇಲ್ಲ ಅಂತ.”

“ಮತ್ತೆ?”

“ನಂಗ್ ಬೇಡ ಅಣ್ಣ. ನಮ್ ಮನೆಗೆ ಇನ್ ಯಾವತ್ತೂ ಕೊಡ್ಬೇಡಿ. ಇವ್ರ ಮಗಳು ಏನ್ ತಪ್ಪು ಮಾಡವ್ಳೆ?”

“ಮಾತು ಅಂದ್ರೆ ಮಾತು,” ಎಂದರು ಸುಗತಣ್ಣ. “ಅಮ್ಮಂಗೆ ಕೊಟ್ಟಿದ್ದು. ಮುತ್ತುರಾಜ್, ಬೇಜಾರ್ ಮಾಡ್ಕೋಬೇಡಪ್ಪ.” ಹೀಗೆಂದು ಮೂರ್ತಿಯನ್ನು ಒಳಗೆ ಒಯ್ಯಲು ಒಂದು ಕೈಯನ್ನು ಅದರ ಎದೆಗೆ, ಇನ್ನೊಂದು ಕೈಯನ್ನು ಬೆನ್ನಿಗೆ ಕೊಟ್ಟರು.

ದೊಡ್ಡಮುನಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಆ ಮುಖದಲ್ಲಿ ಹಸುಗೂಸಿಗೂ ಇಲ್ಲದ ಮುಗ್ಧತೆಯಿತ್ತು.

“ಸರಿ ಅಣ್ಣ, ನಿಮ್ಮಿಷ್ಟ. ನಂಗೊಂದೇ ಸಮಾಧಾನ. ನಿಂಬೆಹಣ್ಣು ಮಾತ್ರ ಹಾಕ್ಲಿಲ್ಲ.”

ಬೆನ್ನಿನ ಮೇಲಿದ್ದ ಕೈ ಅಲ್ಲೇ ನಿಂತಿತು.

“ನಮ್ಮನೇವ್ರು ಹಾಕು ಹಾಕು ಅಂತ ಹೋಳು ಮಾಡಿ ಕೊಟ್ರು. ಮೊದ್ಲು ಮಣೆ ಮೇಲೆ ಹಾಕಿ ನೋಡ್ದೆ. ದುಂಡಗೆ ಒಂದು ಮಚ್ಚೆ ಬಿತ್ತಣ್ಣ, ಹೊಳಪೇ ಸತ್ತೋಯ್ತು. ಅದನ್ನ ಇನ್ ಯಾವ ಡಬ್ಬಿ ತಂದ್ರೂ ತೆಗ್ಯೋಕಾಗಲ್ಲ. ಪಾಪ, ಹಾಕೋರು ಕೆಟ್ಟದ್ದು ಮಾಡ್ಬೇಕು ಅಂತ ಹಾಕ್ತಾರಾ? ಚೆನ್ನಾಗ್ ಕಾಣ್ಲಿ ಅಂತಾನೇ ಹಾಕ್ತಾರೆ.”

ಮುತ್ತುರಾಜ್ ಇವರ ಮುಖ ಅವರ ಮುಖ ನೋಡಿದರು. ಸುಗತಣ್ಣನ ಕಿವಿ ಮೆಲ್ಲಗೆ ಕೆಂಪಾಯಿತು.

“ಅರಿಶಿನ ಹತ್ಕೊಂಡಿತ್ತು,” ಎಂದರು ಅವರು, ಬುದ್ಧನಿಗೆ ಮಾತ್ರ ಕೇಳುವಂತೆ.

“ಏನಂದ್ರಿ ಅಣ್ಣ?”

“ಏನಿಲ್ಲ.” ಸುಗತಣ್ಣ ಮೂರ್ತಿಯನ್ನು ಮತ್ತೆ ಮೇಜಿನ ಮೇಲೆ ಇಟ್ಟು, ಅದರ ಮುಖ ನೋಡಿದರು. “ಕಲ್ಲಂದ್ಮೇಲೆ ಕಲೆ ಆಗ್ತೈತೆ. ನಮ್ಮಮ್ಮ ಇದ್ದಿದ್ರೂ... ಇರ್ಲಿ. ತಗೊಂಡ್ ಹೋಗಪ್ಪ ಮುತ್ತುರಾಜ್. ಆದ್ರೆ ಇವ್ಳೂ ಜೊತೇಲಿ ಬರ್ತಾಳೆ. ಇಡೋದೂ ಇವ್ಳೇ, ಎತ್ತೋದೂ ಇವ್ಳೇ, ವಾಪಸ್ ತಂದು ನನ್ ಕೈಗೆ ಕೊಡೋದೂ ಇವ್ಳೇ. ಇನ್ಮೇಲೆ ಯಾರ್ ಮದ್ವೆ ಆದ್ರೂ ಹಿಂಗೇ.”

“ಅಣ್ಣ, ನನ್ ಮಂಡಿ...”

“ಅದನ್ನ ಹೆಸ್ರು ಬರೆಯೋ ಮುಂಚೆ ಯೋಚ್ನೆ ಮಾಡ್ಬೇಕಿತ್ತು.”

ಹೀಗೆ ಒಂದೇ ಮಾತಿನಲ್ಲಿ ಶಿಕ್ಷೆಯೂ ಪಟ್ಟಾಭಿಷೇಕವೂ ಆದದ್ದನ್ನು ಮರ್ಫಿ ಟೌನು ಅದಕ್ಕೆ ಮೊದಲು ಕಂಡಿರಲಿಲ್ಲ. ಮದುವೆ ಮನೆಯ ದಣಿವು ಇಳಿಯುವ ಮೊದಲೇ ದೊಡ್ಡಮುನಿಯಮ್ಮ ಇನ್ನೊಂದು ಮದುವೆಗೆ ಹೊರಟರು. ಮೂರ್ತಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕಿಟಕಿ ಪಕ್ಕದ ಜಾಗ, ಅದಕ್ಕೆ ಸೀಟ್‌ಬೆಲ್ಟು. ಉಳಿದ ಇಕ್ಕಟ್ಟಿನಲ್ಲಿ ಆಕೆ. ಅಂಜನಮೂರ್ತಿ ಬೀಳ್ಕೊಡಲು ಬಂದು, ಕಿಟಕಿಯಲ್ಲಿ ತಲೆ ತೂರಿಸಿ, “ಇವಾಗ ಸ್ಟವ್ ಹಚ್ಬಹುದಾ?” ಎಂದು ಕೇಳಿ ಹೋದರು.

ಟಿನ್ ಫ್ಯಾಕ್ಟರಿಯ ಬಳಿ ಕಾರು ಎಂದಿನಂತೆ ಸಿಕ್ಕಿಕೊಂಡಿತು. ಮುಂದೆ ಬಸ್ಸುಗಳ ಗೋಡೆ, ಎರಡೂ ಕಡೆ ಆಟೋಗಳು. ಮುತ್ತುರಾಜ್ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದರು. ದೊಡ್ಡಮುನಿಯಮ್ಮ ಒಂದು ಕೈಯನ್ನು ಬುದ್ಧನ ಬೆನ್ನ ಹಿಂದೆ ಆನಿಸಿಕೊಂಡು ಕೂತಿದ್ದರು.

“ಅಕ್ಕ, ಒಂದ್ ಮಾತು ಕೇಳ್ಲಾ? ನಿಂಬೆಹಣ್ಣು ಅಂದ ತಕ್ಷಣ ಸುಗತಣ್ಣ ಯಾಕ್ ಹಂಗಾಗೋದ್ರು?”

“ಅವ್ರಿಗೆ ಅಸಿಡಿಟಿ,” ಎಂದರು ದೊಡ್ಡಮುನಿಯಮ್ಮ. “ರಸ್ತೆ ನೋಡ್ಕೊಂಡ್ ಓಡ್ಸಪ್ಪ. ಮುಂದೆ ದೊಡ್ಡ ಹಳ್ಳ ಐತೆ.”